ಡಿವೋರ್ಸ್ ಡಿಕ್ರಿ, ಅಜ್ಜನ ವಿಲ್: ಕೋರ್ಟಿನಿಂದ ಹಳೆ ಕಾಗದ ತೆಗೆಸುವುದು ಹೇಗೆ

"ನಂಬರ್ ಹೇಳಿ ಮೇಡಂ."

"ಹೆಸರು ಹೇಳ್ತೀನಿ ಸಾರ್. ನನ್ನದೇ ಕೇಸು."

"ಹೆಸರಲ್ಲಿ ಇಲ್ಲಿ ಏನೂ ಸಿಗಲ್ಲಮ್ಮ. ನಂಬರ್ರು, ಇಸವಿ."

ಕೌಂಟರಿನ ಈಚೆ ನಿಂತಿದ್ದವರು ನಮ್ಮ ಸೋದರತ್ತೆ. ಮನೆ ಮಾರಲು ಹೊರಟಿದ್ದರು. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಕಾಗದವೆಲ್ಲ ನೋಡಿ, 'ಇವರದ್ದು ವಿಚ್ಛೇದನ ಆಗಿದೆ ಅಂತೀರಿ, ಡಿಕ್ರಿಯ ಸರ್ಟಿಫೈಡ್ ಕಾಪಿ ಕೊಡಿ' ಎಂದರು. ಅಂದರೆ ಕೋರ್ಟಿನ ನಿರ್ಧಾರದ, ಸೀಲು ಸಹಿ ಇರುವ ನಕಲು. ಆಗಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಅತ್ತೆ ಹತ್ತಿರ ಇದ್ದದ್ದು ನಾಲ್ಕಾಗಿ ಮಡಚಿದ ಒಂದು ಜೆರಾಕ್ಸ್. ಮಡಿಕೆ ಬಿದ್ದಿದ್ದು ಸರಿಯಾಗಿ ಕೇಸ್ ನಂಬರಿನ ಮೇಲೆ. 'ಎಂ.ಸಿ.' ಅಂತ ಕಾಣುತ್ತಿತ್ತು, ಪಕ್ಕದಲ್ಲಿ ಒಂದು 3, ಆಮೇಲೆ ಬರೀ ಬಿಳಿ ಗೆರೆ, ಕೊನೆಗೆ ಇಸವಿ. ಆ ಬಿಳಿ ಗೆರೆ ನಮ್ಮನ್ನು ಮೂರು ವಾರ ಓಡಾಡಿಸಿತು.

ಆ ಮೂರು ವಾರದಲ್ಲಿ ನನಗೆ ಅರ್ಥವಾದದ್ದು ಇಷ್ಟು. ಕೋರ್ಟಿನಿಂದ ಕಾಗದ ಪಡೆಯುವುದು ಅಂಥ ಕಷ್ಟವಲ್ಲ. ಆ ಕಾಗದದ ವಿಳಾಸ ಪತ್ತೆಮಾಡುವುದು ಕಷ್ಟ. ಯಾವ ಕೋರ್ಟು, ಯಾವ ಬಗೆಯ ಕೇಸು, ಎಷ್ಟನೇ ನಂಬರ್, ಯಾವ ಇಸವಿ, ಈ ನಾಲ್ಕು ಸೇರಿದರೆ ವಿಳಾಸ. ಇದರಲ್ಲಿ ಒಂದು ತಪ್ಪಿದರೂ ರೆಕಾರ್ಡ್ ರೂಮಿನಲ್ಲಿ ನಿಮ್ಮ ಫೈಲು ಇದ್ದೂ ಇಲ್ಲದಂತೆ.

ನಂಬರಿನ ಮುಂದಿನ ಅಕ್ಷರಗಳು

ಕರ್ನಾಟಕದ ಕೋರ್ಟುಗಳಲ್ಲಿ ಪ್ರತಿ ಕೇಸಿಗೂ ಮೊದಲು ಅದರ ಬಗೆ ಹೇಳುವ ಒಂದೆರಡು ಅಕ್ಷರ, ಆಮೇಲೆ ನಂಬರ್, ಆಮೇಲೆ ಇಸವಿ. ಇಸವಿ ಬದಲಾದರೆ ನಂಬರ್ ಮತ್ತೆ ಒಂದರಿಂದ ಶುರು. ಹಾಗಾಗಿ ಇಸವಿ ಇಲ್ಲದ ನಂಬರಿಗೆ ಅರ್ಥವೇ ಇಲ್ಲ.

ಕುಟುಂಬದ ವಿಷಯದಲ್ಲಿ ಜಾಸ್ತಿ ಕಾಣುವ ಅಕ್ಷರಗಳು ಕೆಲವೇ. ಎಂ.ಸಿ. ಅಂದರೆ ಮ್ಯಾಟ್ರಿಮೋನಿಯಲ್ ಕೇಸ್. ವಿಚ್ಛೇದನ, ಗಂಡ ಹೆಂಡತಿ ಮತ್ತೆ ಕೂಡಿ ಬಾಳಬೇಕೆಂಬ ಅರ್ಜಿ, ಮದುವೆ ಅಸಿಂಧು ಎಂಬ ಅರ್ಜಿ ಎಲ್ಲ ಇದರಡಿ. ಜಿ ಅಂಡ್ ಡಬ್ಲ್ಯೂಸಿ ಅಂದರೆ ಮಕ್ಕಳು ಯಾರ ಹತ್ತಿರ ಇರಬೇಕು, ಯಾರು ಪೋಷಕರು ಎನ್ನುವ ಕೇಸು. ಜೀವನಾಂಶದ ಅರ್ಜಿ ಕ್ರಿಮಿನಲ್ ಮಿಸಲೇನಿಯಸ್ ಅಂತ ಬರುತ್ತದೆ. ಹೆಸರು ನೋಡಿ ಗಾಬರಿಯಾಗಬೇಡಿ, ಅದರಲ್ಲಿ ಯಾರೂ ಆರೋಪಿಯಲ್ಲ. ವಿಲ್ಲಿಗೆ ಪ್ರೊಬೇಟ್ (ವಿಲ್ ನಿಜವಾದದ್ದು ಎಂಬ ಕೋರ್ಟಿನ ಪತ್ರ) ಕೇಳಿದ್ದು, ತೀರಿಕೊಂಡವರ ಠೇವಣಿ, ಷೇರಿನಂಥ ಹಣಕ್ಕೆ ಸಕ್ಸೆಷನ್ ಸರ್ಟಿಫಿಕೇಟ್ ಕೇಳಿದ್ದು ಎರಡೂ ಪಿ ಅಂಡ್ ಎಸ್‌ಸಿ. ಅಣ್ಣತಮ್ಮಂದಿರ ಪಾಲಿನ ದಾವೆ ಓ.ಎಸ್. ಅದರಲ್ಲಿ ಪಾಲು ಎಷ್ಟೆಂದು ತೀರ್ಮಾನವಾದ ಮೇಲೆ ಜಮೀನನ್ನು ನಿಜವಾಗಿ ಅಳೆದು ಹಂಚುವುದಕ್ಕೆ ಎಫ್‌ಡಿಪಿ ಅಂತ ಇನ್ನೊಂದು ನಂಬರ್ ಹುಟ್ಟುತ್ತದೆ. ಓ.ಎಸ್. ಡಿಕ್ರಿ ಹಿಡಿದು ಖಾತೆಗೆ ಹೋದವರು ವಾಪಸ್ ಬರುವುದು ಇಲ್ಲೇ. ಖಾತೆಯ ಕಚೇರಿಯವರು ಕೇಳುತ್ತಿರುವುದು ಎಫ್‌ಡಿಪಿಯ ಅಂತಿಮ ಡಿಕ್ರಿ.

ಇದರ ಜೊತೆಗೆ ಈಗಿನ ಕೇಸುಗಳಿಗೆ ಸಿಎನ್‌ಆರ್ ಎಂಬ ಹದಿನಾರು ಅಕ್ಷರ ಮತ್ತು ಅಂಕಿಗಳ ಗುರುತು ಇರುತ್ತದೆ. ಕರ್ನಾಟಕದ್ದಾದರೆ 'ಕೆಎ' ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರು, ಕೊನೆಯ ನಾಲ್ಕು ಅಂಕಿ ಇಸವಿ. ಇದೊಂದಿದ್ದರೆ ಆ ನಾಲ್ಕು ವಿವರ ಬೇರೆ ಹುಡುಕಬೇಕಿಲ್ಲ. ಕೋರ್ಟುಗಳ ಕೇಸಿನ ವಿವರ ತೋರಿಸುವ ಇ-ಕೋರ್ಟ್ಸ್ ಆ್ಯಪಿನಲ್ಲಿ ಇದನ್ನು ಹಾಕಿದರೆ ಯಾವ ಕೋರ್ಟ್ ಹಾಲ್, ಯಾವತ್ತು ಏನಾಯಿತು, ಮುಗಿದಿದೆಯೇ ಎಂಬುದೆಲ್ಲ ಬರುತ್ತದೆ.

ನಂಬರೇ ಇಲ್ಲದಿದ್ದರೆ

ಮೊದಲು ಇ-ಕೋರ್ಟ್ಸ್‌ನಲ್ಲೇ ಹೆಸರು ಹಾಕಿ ಹುಡುಕಿ. ಜಿಲ್ಲೆ, ಕೋರ್ಟು ಆರಿಸಿ, ಇಸವಿ ಹಾಕಿ, ಹೆಸರಿನ ಕನಿಷ್ಠ ಮೂರು ಅಕ್ಷರ ಕೊಡಬೇಕು. 'ಮುಗಿದ ಕೇಸು' ಅನ್ನುವುದನ್ನು ಆರಿಸಲು ಮರೆಯಬೇಡಿ. ಎಷ್ಟೋ ಜನ ನಡೆಯುತ್ತಿರುವ ಕೇಸುಗಳಲ್ಲಿ ಮಾತ್ರ ಹುಡುಕಿ 'ಇಲ್ಲ' ಅಂತ ಬಿಟ್ಟುಬಿಡುತ್ತಾರೆ.

ಹೆಸರಿನ ಸ್ಪೆಲ್ಲಿಂಗ್ ಇಲ್ಲಿ ದೊಡ್ಡ ತಲೆನೋವು. ಲಕ್ಷ್ಮಿ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ಇನಿಷಿಯಲ್ ಕೆಲವು ಕಡೆ ಹಿಂದೆ, ಕೆಲವು ಕಡೆ ಮುಂದೆ. ಹೆಸರಿನ ಜೊತೆ ಅಮ್ಮ, ಅಪ್ಪ, ಗೌಡ, ಬಾಯಿ ಅಂಟಿರಲೂಬಹುದು, ಬಿಟ್ಟಿರಲೂಬಹುದು. ಪೂರ್ತಿ ಹೆಸರು ಹಾಕುವ ಬದಲು ಬದಲಾಗದ ಮೂರು ನಾಲ್ಕು ಅಕ್ಷರ ಹಾಕಿ, ಇಸವಿ ಒಂದೊಂದಾಗಿ ಹಿಂದೆ ಮುಂದೆ ಸರಿಸಿ ನೋಡಿ. ನಿಮ್ಮ ಕಡೆಯವರ ಹೆಸರಲ್ಲಿ ಸಿಗದಿದ್ದರೆ ಎದುರುಪಾರ್ಟಿ ಹೆಸರಲ್ಲಿ ನೋಡಿ. ನನಗೆ ಗೊತ್ತಿದ್ದ ಒಂದು ಕೇಸು ಸಿಕ್ಕಿದ್ದು ಹಾಗೆ.

ಅತ್ತೆ ಕೇಸು ಕಂಪ್ಯೂಟರಿಗಿಂತ ಹಳೆಯದು. ಅಲ್ಲಿ ಏನೂ ಸಿಗಲಿಲ್ಲ. ಇಂಥದ್ದಕ್ಕೆ ಕಾಗದದ ಜಾಡು ಹಿಡಿಯಬೇಕು. ಮನೆಯಲ್ಲಿರುವ ಹಳೆ ಸಮನ್ಸ್, ವಕೀಲರು ಬರೆದ ನೋಟಿಸು, ಕೋರ್ಟಿನಲ್ಲಿ ಜೀವನಾಂಶ ಕಟ್ಟಿದ ರಸೀದಿ, ಆಮೇಲೆ ಮಾಡಿಸಿದ ಯಾವುದಾದರೂ ಕ್ರಯಪತ್ರದ ಪೀಠಿಕೆ, ಎಲ್ಲವನ್ನೂ ಒಮ್ಮೆ ಹರಡಿ ನೋಡಿ. ಪ್ರೊಬೇಟ್ ಆಗಿದ್ದರೆ ಇನ್ನೊಂದು ಸುಳಿವು ಇರುತ್ತದೆ. ವಿಲ್ಲಿನ ಮೇಲೆ ಯಾರದಾದರೂ ತಕರಾರಿದ್ದರೆ ಬಂದು ಹೇಳಿ ಎಂದು ಕೋರ್ಟು ಕರೆಯುತ್ತದೆ. ಆ ಪ್ರಕಟಣೆ ಸಾಮಾನ್ಯವಾಗಿ ಪೇಪರಿನಲ್ಲಿ ಬರುತ್ತದೆ. ಅಜ್ಜನ ಟ್ರಂಕಿನಲ್ಲಿ ಹಳೆ ಪೇಪರ್ ತುಂಡು ಮಡಚಿಟ್ಟಿದ್ದರೆ ಎಸೆಯುವ ಮುಂಚೆ ಓದಿ. ಯಾವ ಕೋರ್ಟು, ಎಷ್ಟನೇ ನಂಬರ್ ಎಂದು ಅದರಲ್ಲೇ ಅಚ್ಚಾಗಿರುತ್ತದೆ.

ಇದ್ಯಾವುದೂ ಇಲ್ಲದಿದ್ದರೆ ಎರಡು ದಾರಿ. ಒಂದು, ಕೋರ್ಟಿನಲ್ಲಿ ದಾವೆಗಳನ್ನು ದಾಖಲಾದ ಕ್ರಮದಲ್ಲೇ ಬರೆದಿಡುವ ರಿಜಿಸ್ಟರ್ ಇರುತ್ತದೆ. ಇಸವಿ ಹೇಳಿ, ಅದರಲ್ಲಿ ಹುಡುಕಿಸಿಕೊಡಿ ಎಂದು ಅರ್ಜಿ ಕೊಡಬಹುದು. ಇನ್ನೊಂದು, ಆಗ ಕೇಸು ನಡೆಸಿದ ವಕೀಲರ ಆಫೀಸು. ಅತ್ತೆಯ ವಕೀಲರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ಮಗನೂ ವಕೀಲರೇ. ಅಟ್ಟದ ಮೇಲೆ ಅಪ್ಪನ ಡೈರಿಗಳನ್ನು ಇಸವಿ ಪ್ರಕಾರ ಹಗ್ಗದಲ್ಲಿ ಕಟ್ಟಿಟ್ಟಿದ್ದರು. ಗುಮಾಸ್ತರು ಆ ಇಸವಿಯ ಕಟ್ಟು ಇಳಿಸಿ, ಧೂಳು ಕೊಡವಿ, 'ವಾಯಿದೆ ಯಾವ ತಿಂಗಳಿತ್ತಮ್ಮ?' ಅಂತ ಕೇಳಿದರು. ಅತ್ತೆಗೆ ತಿಂಗಳು ನೆನಪಿರಲಿಲ್ಲ, ಆದರೆ ಗೌರಿಹಬ್ಬದ ಹಿಂದಿನ ವಾರ ಅನ್ನುವುದು ನೆನಪಿತ್ತು. ಆ ವಾರದ ಪುಟದಲ್ಲಿ, ಬಾಲ್‌ಪೆನ್ನಿನಲ್ಲಿ, ಅತ್ತೆ ಹೆಸರಿನ ಪಕ್ಕ ನಂಬರ್ ಇತ್ತು. ಬಿಳಿ ಗೆರೆಯ ಕೆಳಗೆ ಎರಡು ಅಂಕಿ ಅಡಗಿದ್ದವು.

ಫೈಲು ಯಾವ ಕಟ್ಟಡದಲ್ಲಿದೆ

ಫ್ಯಾಮಿಲಿ ಕೋರ್ಟುಗಳು ಬಂದಿದ್ದು 1984ರ ಕಾಯ್ದೆಯಿಂದ. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ಇದು ಇರಲೇಬೇಕು, ಬೇರೆ ಕಡೆ ಸರ್ಕಾರ ಬೇಕೆನಿಸಿದಲ್ಲಿ ಮಾಡಬಹುದು ಎನ್ನುವುದು ಕಾಯ್ದೆಯ ಲೆಕ್ಕ. ಅಂದರೆ ಎಲ್ಲ ಊರಿಗೂ ಒಂದೇ ಸಲ ಬರಲಿಲ್ಲ. ನಿಮ್ಮ ಊರಿಗೆ ಫ್ಯಾಮಿಲಿ ಕೋರ್ಟು ಬರುವ ಮುಂಚೆ ವಿಚ್ಛೇದನದ ಕೇಸು ನಡೆದದ್ದು ಸಿವಿಲ್ ಕೋರ್ಟಿನಲ್ಲಿ. ಹಳೆ ಫೈಲು ಕೇಳುವಾಗ 'ಆಗ ಈ ಕೇಸು ಯಾವ ಕೋರ್ಟಲ್ಲಿತ್ತು' ಎಂದು ಯೋಚಿಸಿ, ಈಗ ಎಲ್ಲಿದೆ ಅಂತಲ್ಲ. ಬೆಂಗಳೂರಿನ ಫ್ಯಾಮಿಲಿ ಕೋರ್ಟು ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ. ಪ್ರೊಬೇಟ್, ಸಕ್ಸೆಷನ್ ಸರ್ಟಿಫಿಕೇಟ್ ಅಲ್ಲಿ ಸಿಗುವುದಿಲ್ಲ, ಅವು ಸಿಟಿ ಸಿವಿಲ್ ಕೋರ್ಟಿನ ಬಾಬತ್ತು. ಎರಡೂ 'ಕುಟುಂಬದ ವಿಷಯ' ಅಲ್ವಾ ಅಂತ ಒಂದೇ ಕಡೆ ಹೋಗಿ ಕೇಳುವವರು ದಿನಾ ಇರುತ್ತಾರೆ.

ಇನ್ನೊಂದು ತಿರುವು ಇದೆ. ಕೇಸು ಮುಗಿದ ಮೇಲೆ ಯಾರಾದರೂ ಹೈಕೋರ್ಟಿಗೆ ಅಪೀಲು ಹೋಗಿದ್ದರೆ, ಕೆಳಗಿನ ಕೋರ್ಟಿನ ಫೈಲನ್ನೇ ಅಲ್ಲಿಗೆ ತರಿಸಿಕೊಂಡಿರಬಹುದು. ವಕೀಲರ ಬಾಯಲ್ಲಿ ಇದು ಎಲ್‌ಸಿಆರ್, ಅಂದರೆ ಲೋಯರ್ ಕೋರ್ಟ್ ರೆಕಾರ್ಡ್ಸ್. ನೀವು ಕೆಳಗೆ ಕೊಟ್ಟ ನಕಲು ಅರ್ಜಿ 'ಕಡತ ಹೈಕೋರ್ಟಿಗೆ ಹೋಗಿದೆ' ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ. ಬೆಂಗಳೂರು, ಧಾರವಾಡ, ಕಲಬುರಗಿ, ಮೂರರಲ್ಲಿ ಯಾವ ಪೀಠಕ್ಕೆ ಹೋಗಿದೆ ಎಂದು ಕೇಳಿಕೊಂಡೇ ಅಲ್ಲಿಂದ ಹೊರಡಿ.

'ಕೇಸಿನ ಕಾಪಿ' ಅಂತ ಒಂದು ಕಾಗದ ಇಲ್ಲ

ನಂಬರ್ ಸಿಕ್ಕಿತು. ಈಗ ಏನು ಕೇಳಬೇಕು? ಒಂದು ಫೈಲಿನಲ್ಲಿ ಅರ್ಜಿ ಇರುತ್ತದೆ, ಎದುರಿನವರ ತಕರಾರು ಇರುತ್ತದೆ, ಸಾಕ್ಷಿ ಹೇಳಿಕೆ ಇರುತ್ತದೆ, ಗುರುತು ಹಾಕಿದ ದಾಖಲೆಗಳು ಇರುತ್ತವೆ, ದಿನದಿನ ಏನಾಯಿತು ಎಂದು ಬರೆದ ಆರ್ಡರ್ ಶೀಟ್ ಇರುತ್ತದೆ, ತೀರ್ಪು ಇರುತ್ತದೆ, ಡಿಕ್ರಿ ಇರುತ್ತದೆ. ನೀವು ಹೆಸರು ಹೇಳಿ ಕೇಳಿದ್ದನ್ನು ಮಾತ್ರ ಕೊಡುತ್ತಾರೆ.

ತೀರ್ಪು ಮತ್ತು ಡಿಕ್ರಿ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ತೀರ್ಪು ಅಂದರೆ ಜಡ್ಜ್ ಯಾಕೆ ಹಾಗೆ ನಿರ್ಧರಿಸಿದರು ಎಂಬ ವಿವರಣೆ. ಹತ್ತು ಪುಟವೂ ಇರಬಹುದು, ಎಂಬತ್ತೂ ಇರಬಹುದು. ಡಿಕ್ರಿ ಅಂದರೆ ಆ ನಿರ್ಧಾರದ ಸಾರ, ಹೆಚ್ಚುಕಮ್ಮಿ ಎರಡು ಪುಟ. ಇಂಥ ತಾರೀಖಿನ ಮದುವೆ ಇಲ್ಲಿಗೆ ರದ್ದು, ಖರ್ಚು ಅವರವರದು, ಅಷ್ಟೇ. ಪಾಸ್‌ಪೋರ್ಟಿಗೆ, ಮರುಮದುವೆಯ ನೋಂದಣಿಗೆ ಸಾಮಾನ್ಯವಾಗಿ ಕೇಳುವುದು ಡಿಕ್ರಿ. ಅಪೀಲಿಗೆ ತೀರ್ಪಿನ ನಕಲು ಬೇಕೇ ಬೇಕು.

ನಾವು ಜಾಣತನ ಮಾಡಿ ಬರೀ ಡಿಕ್ರಿಗೆ ಅರ್ಜಿ ಹಾಕಿದೆವು. ಕಾಗದ ಬಂತು. ಬ್ಯಾಂಕಿನ ವಕೀಲರು ಓದಿ, "ಮನೆ ಮೇಲೆ ಅವರ ಯಜಮಾನರಿಗೆ ಹಕ್ಕಿಲ್ಲ ಅಂತ ಇದರಲ್ಲಿ ಎಲ್ಲಿದೆ?" ಎಂದರು. ಅದರಲ್ಲಿ ಇರಲಿಲ್ಲ. ಅತ್ತೆಯದ್ದು ಇಬ್ಬರೂ ಒಪ್ಪಿ ಮಾಡಿಕೊಂಡ ವಿಚ್ಛೇದನ. ಮನೆ, ಒಡವೆ, ಠೇವಣಿ ಯಾರಿಗೆ ಎನ್ನುವುದೆಲ್ಲ ಬೇರೆ ಒಂದು ರಾಜಿ ಪತ್ರದಲ್ಲಿ ಬರೆದು ಕೋರ್ಟಿಗೆ ಕೊಟ್ಟಿದ್ದರು. ಮತ್ತೆ ಅರ್ಜಿ, ಮತ್ತೆ ಕ್ಯೂ. ನಿಮ್ಮದೂ ಒಪ್ಪಿಗೆಯ ವಿಚ್ಛೇದನವಾಗಿದ್ದರೆ ಡಿಕ್ರಿ, ತೀರ್ಪು, ರಾಜಿ ಪತ್ರ, ಜಂಟಿ ಅರ್ಜಿ, ನಾಲ್ಕಕ್ಕೂ ಒಂದೇ ಸಲ ಅರ್ಜಿ ಹಾಕಿ. ಏನಿದೆ ಎಂದೇ ಗೊತ್ತಿಲ್ಲದಿದ್ದರೆ ಮೊದಲು ಫೈಲು ಪರಿಶೀಲನೆಗೆ ಅರ್ಜಿ ಕೊಟ್ಟು, ಕೂತು ನೋಡಿ, ಬೇಕಾದ್ದನ್ನು ಪಟ್ಟಿ ಮಾಡಿಕೊಳ್ಳಿ.

ನಕಲು ಅರ್ಜಿ

ಅರ್ಜಿ ಅಂಥ ದೊಡ್ಡದೇನಲ್ಲ. ಕೋರ್ಟು, ಕೇಸ್ ನಂಬರ್, ಎರಡೂ ಪಾರ್ಟಿಗಳ ಹೆಸರು, ಕೇಸು ಮುಗಿದ ತಾರೀಖು, ಬೇಕಾದ ಕಾಗದಗಳ ಹೆಸರು, ಎಷ್ಟು ಪ್ರತಿ. ಅದರ ಮೇಲೆ ಕೋರ್ಟ್ ಫೀ. ಕೇಸಿನ ಪಾರ್ಟಿ ತಾನೇ ಹೋಗಿ ಕೊಡಬಹುದು, ವಕೀಲರ ಮೂಲಕವೇ ಆಗಬೇಕೆಂದಿಲ್ಲ. ಗುರುತಿನ ಚೀಟಿ ಜೊತೆಗಿರಲಿ. ಕೊಟ್ಟ ಮೇಲೆ ಅರ್ಜಿಗೇ ಒಂದು ನಂಬರ್ ಬೀಳುತ್ತದೆ. ಅದನ್ನು ಬರೆದುಕೊಳ್ಳದೆ ಅಲ್ಲಿಂದ ಕದಲಬೇಡಿ, ಮುಂದಿನ ಸಲ ಅವರು ಕೇಳುವುದು ಅದನ್ನೇ.

ಆಮೇಲೆ ರೆಕಾರ್ಡ್ ರೂಮಿನಿಂದ ಫೈಲು ನಕಲು ಶಾಖೆಗೆ ಬರಬೇಕು. ತಡ ಆಗುವುದು ಇಲ್ಲೇ. ಬಂದ ಮೇಲೆ ಪುಟ ಎಣಿಸಿ, ಪುಟದ ಲೆಕ್ಕದಲ್ಲಿ ಇಷ್ಟು ಕಟ್ಟಿ ಎನ್ನುತ್ತಾರೆ. ಈ ಸೂಚನೆ ನೋಟಿಸ್ ಬೋರ್ಡಿಗೆ ಹಾಕಿರುತ್ತಾರೆ, ಮನೆಗೆ ಬಂದು ಯಾರೂ ಹೇಳುವುದಿಲ್ಲ. ದುಡ್ಡು ಕಟ್ಟದೆ ಬಿಟ್ಟರೆ ಅರ್ಜಿ ವಜಾ ಆಗುತ್ತದೆ. ವಾರಕ್ಕೊಮ್ಮೆ ಹೋಗಿ ನೋಡುವುದು, ಇಲ್ಲವೇ ಹೋಗುವ ಯಾರಿಗಾದರೂ ಹೇಳಿಡುವುದು ಒಳ್ಳೆಯದು.

ನಕಲು ಕೈಗೆ ಬಂದಾಗ ಕೊನೆಯ ಪುಟ ತಿರುಗಿಸಿ. ಅಲ್ಲೊಂದು ರಬ್ಬರ್ ಸ್ಟ್ಯಾಂಪ್ ಇರುತ್ತದೆ. ನೇರಳೆ ಇಂಕಿನಲ್ಲಿ ಸಾಲು ಸಾಲು, ಪ್ರತಿ ಸಾಲಿನ ಮುಂದೆ ಪೆನ್ನಿನಲ್ಲಿ ತುಂಬಿದ ತಾರೀಖು. ಅರ್ಜಿ ಕೊಟ್ಟ ದಿನ, ದುಡ್ಡು ಕಟ್ಟಲು ಹೇಳಿದ ದಿನ, ಕಟ್ಟಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ. ನೋಡಲು ಗುಮಾಸ್ತಿಕೆ ಥರ ಕಾಣುತ್ತದೆ. ಆದರೆ ಅಪೀಲು ಹೋಗುವವರಿಗೆ ಇಡೀ ಕಾಗದದಲ್ಲಿ ಇದರಷ್ಟು ಬೆಲೆಬಾಳುವ ಜಾಗ ಇನ್ನೊಂದಿಲ್ಲ. ಲಿಮಿಟೇಶನ್ ಕಾಯ್ದೆಯ 12ನೇ ಕಲಮಿನ ಪ್ರಕಾರ, ನಕಲು ಪಡೆಯಲು ಹಿಡಿದ ದಿನಗಳನ್ನು ಅಪೀಲಿನ ಗಡುವಿನಿಂದ ಕಳೆಯುತ್ತಾರೆ. ಆ ಲೆಕ್ಕ ಮಾಡುವುದು ಈ ಸ್ಟ್ಯಾಂಪ್ ನೋಡಿಯೇ. ದುಡ್ಡು ಕಟ್ಟಲು ನೀವೇ ಹತ್ತು ದಿನ ತಡ ಮಾಡಿದರೆ ಅದೂ ಅಲ್ಲೇ ಕಾಣುತ್ತದೆ, ಆ ಹತ್ತು ದಿನ ನಿಮ್ಮ ತಲೆಗೇ. ಅದಕ್ಕೇ ಅಪೀಲು ಹೋಗುವ ಯೋಚನೆ ಇದ್ದರೆ ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿಬಿಡಬೇಕು.

ಇ-ಕೋರ್ಟ್ಸ್‌ನಿಂದ ಇಳಿಸಿಕೊಂಡ ಪ್ರತಿ ಓದಲು ಚೆನ್ನಾಗಿದೆ. ಆದರೆ ಬ್ಯಾಂಕು, ಸಬ್ ರಿಜಿಸ್ಟ್ರಾರ್, ಬೇರೆ ಕೋರ್ಟು ಕೇಳುವುದು ಸೀಲು, ಸಹಿ ಇರುವ ದೃಢೀಕೃತ ನಕಲನ್ನು.

ಪುಕ್ಕಟೆ ಸಿಗಬೇಕಾದದ್ದು

ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಲ್ಲೇ ಇದೆ: ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಕೋರ್ಟು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಜೀವನಾಂಶದ ಆದೇಶವನ್ನು ಯಾರ ಪರವಾಗಿ ಆಗಿದೆಯೋ ಅವರಿಗೆ ದುಡ್ಡಿಲ್ಲದೆ ಕೊಡಬೇಕು. ಹಿಂದೆ ಇದು ಸಿಆರ್‌ಪಿಸಿಯ (ಹಳೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 128ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ 24ನೇ ಕಲಮಿನ ಪ್ರಕಾರವೂ ಆದೇಶದ ಪ್ರತಿ ಉಚಿತ. ಕೇಸು ಮುಗಿದ ಹೊತ್ತಿನಲ್ಲಿ ಕೇಳಿ ಪಡೆದಿಟ್ಟರೆ ಇಪ್ಪತ್ತೈದು ವರ್ಷದ ಮೇಲೆ ಅಟ್ಟ ಹತ್ತುವುದು ತಪ್ಪುತ್ತದೆ. ಅವತ್ತು ಮನಸ್ಸು ಕೆಟ್ಟಿರುತ್ತದೆ, ಕೋರ್ಟಿನಿಂದ ಹೊರಗೆ ಬಂದರೆ ಸಾಕಪ್ಪ ಅನಿಸಿರುತ್ತದೆ, ಗೊತ್ತು. ಆದರೂ.

ಬೇರೆಯವರ ಕೇಸಿನ ಕಾಗದ

ನೀವು ಪಾರ್ಟಿಯಾಗಿದ್ದರೆ ಹೆಚ್ಚಿನ ಪ್ರಶ್ನೆ ಇಲ್ಲ. ಪಾರ್ಟಿ ತೀರಿಕೊಂಡಿದ್ದು ನೀವು ವಾರಸುದಾರರಾಗಿದ್ದರೆ ಮರಣ ಪ್ರಮಾಣಪತ್ರ ಮತ್ತು ಸಂಬಂಧ ತೋರಿಸುವ ಕಾಗದ ಇಟ್ಟು ಕೇಳಬೇಕು. ಸಂಬಂಧವೇ ಇಲ್ಲದ ಮೂರನೆಯವರಾದರೆ ಯಾಕೆ ಬೇಕು ಎಂದು ಅಫಿಡವಿಟ್ ಹಾಕಬೇಕು, ಜಡ್ಜ್ ಒಪ್ಪಬೇಕು. 'ಅಷ್ಟೆಲ್ಲ ಯಾಕೆ, ಆರ್‌ಟಿಐ ಹಾಕಿದರಾಯಿತು' ಎನ್ನುವವರು ಇದ್ದಾರೆ. ಆ ದಾರಿ ಮುಚ್ಚಿದೆ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಒಂದು ಕೇಸಿನಲ್ಲಿ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೋರ್ಟಿನ ಕಡತದ ನಕಲು ಬೇಕಾದರೆ ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು, ಆರ್‌ಟಿಐ ಮೂಲಕ ಅಲ್ಲ.

ಮದುವೆಯ ಕೇಸುಗಳಲ್ಲಿ ಬಾಗಿಲು ಇನ್ನೂ ಬಿಗಿ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಇವು ಮುಚ್ಚಿದ ಕೋಣೆಯಲ್ಲಿ ನಡೆಯಬೇಕಾದ ಕಲಾಪ. ಅಲ್ಲಿನ ವಿಷಯ ಅಚ್ಚುಹಾಕುವಂತಿಲ್ಲ (ಹೈಕೋರ್ಟ್, ಸುಪ್ರೀಂ ಕೋರ್ಟಿನ ತೀರ್ಪನ್ನು ಮಾತ್ರ ಕೋರ್ಟಿನ ಅನುಮತಿ ಪಡೆದು ಹಾಕಬಹುದು), ಹಾಕಿದರೆ 1000 ರೂಪಾಯಿವರೆಗೆ ದಂಡ. ಈಗಿನ ಕಾಲಕ್ಕೆ ಆ ದಂಡ ನಗು ಬರಿಸುತ್ತದೆ, ಆದರೆ ನಕಲು ಕೊಡುವಾಗ ಕೋರ್ಟು ಇದರ ಆಶಯ ನೋಡುತ್ತದೆ. ಸಂಬಂಧ ಕುದುರಿಸುವ ಮುಂಚೆ ಹುಡುಗನ ಮೊದಲ ಮದುವೆಯ ಫೈಲು ನೋಡಬೇಕು ಅಂತ ಹೊರಟರೆ ಸುಲಭವಾಗಿ ಸಿಗುವುದಿಲ್ಲ. ಡಿಕ್ರಿ ತೋರಿಸಿ ಎಂದು ಹುಡುಗನನ್ನೇ ಕೇಳಿ. ಅವನು ಪಾರ್ಟಿ, ಅವನಿಗೆ ಸಿಗುತ್ತದೆ.

ವಿಲ್ಲು ಎಲ್ಲಿರಬಹುದು

ವಿಲ್ಲಿನ ಕತೆ ಬೇರೆ. ಮೊದಲಿಗೆ ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. ವಿಲ್ ಇದ್ದರೆ ಪ್ರೊಬೇಟ್ ಆಗಿರಲೇಬೇಕು ಎಂದು ಸಿನಿಮಾ ನೋಡಿದವರೆಲ್ಲ ಅಂದುಕೊಂಡಿದ್ದಾರೆ. ಪ್ರೊಬೇಟ್ ಅಂದರೆ 'ಇದು ಅವರು ಬರೆದ ಕೊನೆಯ ವಿಲ್, ಇದನ್ನು ಜಾರಿ ಮಾಡಲು ಇಂಥವರಿಗೆ ಅಧಿಕಾರ' ಎಂದು ಕೋರ್ಟು ಸೀಲು ಹಾಕಿ ಕೊಡುವ ಪತ್ರ. ಹಿಂದೂಗಳ ಮಟ್ಟಿಗೆ ಇದು ಕಡ್ಡಾಯ ಎಂಬ ಮಾತು 2025ರವರೆಗೆ ಅಂಟಿಕೊಂಡಿದ್ದದ್ದು ಹಳೆ ಬಂಗಾಳ, ಮದ್ರಾಸು ನಗರ, ಬೊಂಬಾಯಿ ನಗರಗಳಿಗೆ ಮತ್ತು ಅಲ್ಲಿನ ಆಸ್ತಿಗೆ. ಕರ್ನಾಟಕದಲ್ಲಿರುವ ಆಸ್ತಿಗೆ ಇಲ್ಲೇ ಬರೆದ ವಿಲ್ಲಿಗೆ ಆ ಕಡ್ಡಾಯ ಇಲ್ಲ. ಹಾಗಾಗಿ ಅಜ್ಜನ ವಿಲ್ ಕೋರ್ಟಿನ ಮುಖವನ್ನೇ ನೋಡದಿರುವ ಸಾಧ್ಯತೆ ಜಾಸ್ತಿ. ಅಜ್ಜನಿಗೆ ಮುಂಬಯಿಯಲ್ಲಿ ಒಂದು ಖೋಲಿಯೋ ಫ್ಲಾಟೋ ಇತ್ತು ಎಂದರೆ ಮಾತ್ರ ಅಲ್ಲಿನ ಹೈಕೋರ್ಟಿನ ಕಡತದಲ್ಲೂ ಹುಡುಕಬೇಕು.

ಹಾಗಾದರೆ ಮೊದಲು ಹೋಗಬೇಕಾದ್ದು ಸಬ್ ರಿಜಿಸ್ಟ್ರಾರ್ ಕಚೇರಿಗೆ. ವಿಲ್ ನೋಂದಣಿ ಕಡ್ಡಾಯವಲ್ಲ, ಆದರೆ ತುಂಬಾ ಜನ ಮಾಡಿಸಿರುತ್ತಾರೆ. ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಆಸ್ತಿಯ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ, 'ಇದರಲ್ಲಿ ವಿಲ್ ಕಾಣುತ್ತಿಲ್ಲ, ಅಂದರೆ ಇಲ್ಲ' ಎಂದುಕೊಳ್ಳುತ್ತಾರೆ. ಇಸಿ ತಯಾರಾಗುವುದು ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕದಿಂದ. ವಿಲ್ಲು ಸೇರುವುದು 3ನೇ ಪುಸ್ತಕಕ್ಕೆ. ಇಸಿಯಲ್ಲಿ ಅದು ಕಾಣುವುದೇ ಇಲ್ಲ. 3ನೇ ಪುಸ್ತಕದ ಸೂಚಿಯಲ್ಲಿ, ವಿಲ್ ಬರೆದವರ ಹೆಸರಿನಲ್ಲಿ ಹುಡುಕಿಸಬೇಕು. ವಿಲ್ಲನ್ನು ಯಾವ ಸಬ್ ರಿಜಿಸ್ಟ್ರಾರ್ ಹತ್ತಿರ ಬೇಕಾದರೂ ನೋಂದಾಯಿಸಬಹುದು, ಆಸ್ತಿ ಇರುವ ಕಡೆಯೇ ಆಗಬೇಕೆಂದಿಲ್ಲ. ಹಾಗಾಗಿ ಅಜ್ಜ ಕೊನೆಗಾಲದಲ್ಲಿ ಯಾವ ಮಗನ ಮನೆಯಲ್ಲಿದ್ದರು ಎನ್ನುವುದನ್ನೂ ನೆನಪು ಮಾಡಿಕೊಳ್ಳಿ.

ಈ ನಕಲು ಯಾರಿಗೆ ಕೊಡುತ್ತಾರೆ? ನೋಂದಣಿ ಕಾಯ್ದೆ, 1908ರ 57ನೇ ಕಲಮು ಇದನ್ನು ಚೆನ್ನಾಗಿ ಬರೆದಿದೆ. ವಿಲ್ ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರು ನೇಮಿಸಿದವರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ, ಕೇಳಿದ ಯಾರಿಗೆ ಬೇಕಾದರೂ. ಮಗ ಹೋಗಿ 'ನಮ್ಮಪ್ಪ ಏನು ಬರೆದಿದ್ದಾರೆ ನೋಡಬೇಕು' ಎಂದರೆ ಕೊಡುವುದಿಲ್ಲ. ಮರಣ ಪ್ರಮಾಣಪತ್ರ ಇಟ್ಟರೆ ಸೊಸೆಗೂ ಕೊಡುತ್ತಾರೆ, ಪಕ್ಕದ ಮನೆಯವರಿಗೂ ಕೊಡುತ್ತಾರೆ. ಇನ್ನು ಕೆಲವರು ವಿಲ್ಲನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಜಿಲ್ಲಾ ರಿಜಿಸ್ಟ್ರಾರ್ ಹತ್ತಿರ ಠೇವಣಿ ಇಟ್ಟಿರುತ್ತಾರೆ. ಬರೆದವರು ತೀರಿಕೊಂಡ ಮೇಲೆ ಅರ್ಜಿ ಕೊಟ್ಟರೆ ಅರ್ಜಿದಾರರ ಎದುರಿಗೇ ಲಕೋಟೆ ಒಡೆದು 3ನೇ ಪುಸ್ತಕಕ್ಕೆ ಇಳಿಸುತ್ತಾರೆ. ಮೂಲ ಅಲ್ಲೇ ಉಳಿಯುತ್ತದೆ.

ಪ್ರೊಬೇಟ್ ಆಗಿದ್ದರೂ ಮೂಲ ವಿಲ್ ಮನೆಗೆ ಬರುವುದಿಲ್ಲ. ಅದು ಕೋರ್ಟಿನ ಕಡತದಲ್ಲೇ ಇರಬೇಕು ಎಂದು 1925ರ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. 'ಅಣ್ಣ ವಿಲ್ ಬಚ್ಚಿಟ್ಟಿದ್ದಾನೆ' ಎಂದು ಜಗಳವಾಡುವ ಮುಂಚೆ ಪಿ ಅಂಡ್ ಎಸ್‌ಸಿ ನಂಬರ್ ಇದೆಯೇ ನೋಡಿ. ಮೂಲ ಅಲ್ಲಿ ಭದ್ರವಾಗಿ ಕೂತಿರಬಹುದು. ನಿಮಗೆ ನೋಟಿಸೇ ಕೊಡದೆ ಪ್ರೊಬೇಟ್ ತೆಗೆಸಿದ್ದಾರೆ ಎಂದು ಕಂಡುಬಂದರೆ, ರದ್ದು ಕೇಳಲು 263ನೇ ಕಲಮಿದೆ. ಅದಕ್ಕೂ ಮೊದಲ ಹೆಜ್ಜೆ ಆ ಫೈಲಿನ ಆರ್ಡರ್ ಶೀಟ್ ಮತ್ತು ನೋಟಿಸು ಜಾರಿಯಾದ ಕಾಗದಗಳ ನಕಲು.

ಸಕ್ಸೆಷನ್ ಸರ್ಟಿಫಿಕೇಟ್ ಬಗ್ಗೆ ಎರಡೇ ಮಾತು. ಅದು ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲದಂಥ ಹಣಕ್ಕೆ ಮಾತ್ರ. ಮನೆ ಜಮೀನಿಗೆ ಅಲ್ಲ. ಅದರ ಕೊನೆಯಲ್ಲಿರುವ ಪಟ್ಟಿಯಲ್ಲಿ ಬರೆದ ಹಣಕ್ಕಷ್ಟೇ ಬೆಲೆ. ವರ್ಷಗಳ ಮೇಲೆ ಅಪ್ಪನ ಇನ್ನೊಂದು ಎಫ್‌ಡಿ ಸಿಕ್ಕಿದರೆ ಹೊಸ ಕೇಸು ಬೇಡ, ಅದೇ ಸರ್ಟಿಫಿಕೇಟನ್ನು ವಿಸ್ತರಿಸಲು ಕೇಳಬಹುದು. ಹಳೆ ನಕಲು ತೆಗೆಸುವುದು ಇದಕ್ಕೂ ಉಪಯೋಗಕ್ಕೆ ಬರುತ್ತದೆ.

ಕಾಗದ ಹೊರದೇಶಕ್ಕೆ ಹೋಗಬೇಕಾದರೆ

ಮಗಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮರುಮದುವೆ ಆಗಬೇಕು, ಇಲ್ಲಿನ ಡಿಕ್ರಿ ಕೇಳಿದ್ದಾರೆ ಅನ್ನಿ. ಬರೀ ಸರ್ಟಿಫೈಡ್ ಕಾಪಿ ಸಾಲದು. ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ಒಪ್ಪಲು ಅಂಟಿಸುವ ದೃಢೀಕರಣ ಚೀಟಿಗೆ ಅಪೋಸ್ಟಿಲ್ ಎನ್ನುತ್ತಾರೆ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ. ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಚೀಟಿ. ಕನ್ನಡದಲ್ಲಿರುವ ತೀರ್ಪಿಗೆ ಅನುವಾದವೂ ಬೇಕಾಗುತ್ತದೆ. ಅಪೋಸ್ಟಿಲ್ ಅಂಟಿಸಿದ ಪ್ರತಿ ಹೊರಗೆ ಹೋದರೆ ವಾಪಸ್ ಬರುವುದು ಅಷ್ಟರಲ್ಲೇ ಇದೆ. ಅದಕ್ಕೇ ನಕಲು ತೆಗೆಸುವಾಗಲೇ ಮೂರು ಪ್ರತಿ ತೆಗೆಸಿ.

ಫೈಲಿನಲ್ಲೇ ಉಳಿದ ಮೂಲ ಕಾಗದಗಳು

ಕೇಸಿನಲ್ಲಿ ಸಾಕ್ಷಿಗಾಗಿ ಕೊಟ್ಟ ಮೂಲ ಕಾಗದಗಳನ್ನು ಎಷ್ಟೋ ಜನ ವಾಪಸ್ ಕೇಳುವುದೇ ಇಲ್ಲ. ಕ್ರಯಪತ್ರ, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಎಲ್ಲ ಫೈಲಿನಲ್ಲೇ ಉಳಿದಿರುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆರ್ಡರಿನ 9ನೇ ರೂಲ್ ಪ್ರಕಾರ, ಕೇಸು ಮುಗಿದು ಅಪೀಲಿನ ಅವಧಿ ಕಳೆದ ಮೇಲೆ ಇವನ್ನು ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ತಡ ಮಾಡಬೇಡಿ. ತೀರ್ಪು, ಡಿಕ್ರಿಗಳನ್ನು ಕೋರ್ಟು ತುಂಬಾ ಕಾಲ ಇಡುತ್ತದೆ. ಮಿಕ್ಕ ಕಾಗದಗಳನ್ನು ನಿಯಮದಲ್ಲಿ ಹೇಳಿದ ವರ್ಷ ತುಂಬಿದ ಮೇಲೆ ನಾಶ ಮಾಡುತ್ತಾರೆ.

ಅತ್ತೆ ಫೈಲು ಪರಿಶೀಲನೆಗೆ ಬಂದ ದಿನ ನಾನೂ ಪಕ್ಕದಲ್ಲಿ ಕೂತಿದ್ದೆ. ರಾಜಿ ಪತ್ರದ ಹಿಂದೆ ದಾಖಲೆಗಳ ಪಟ್ಟಿ. ಪಟ್ಟಿಯ ಮೊದಲ ಸಾಲು, ಲಗ್ನಪತ್ರಿಕೆ. ಅರಿಸಿನ ಹಚ್ಚಿದ ನಾಲ್ಕು ಮೂಲೆ ಇನ್ನೂ ಹಳದಿಯಾಗೇ ಇತ್ತು. ಮದುವೆ ನಡೆದಿದೆ ಎಂದು ತೋರಿಸಲು ಅವತ್ತು ವಕೀಲರು ಕೊಟ್ಟಿದ್ದು. ತಾತನ ಹೆಸರು, ಛತ್ರದ ಹೆಸರು, ಮುಹೂರ್ತ, ಎಲ್ಲ ಹಾಗೇ ಇತ್ತು.

"ಮೂಲ ಕಾಗದ ವಾಪಸ್ ಕೇಳಬಹುದಂತೆ ಅತ್ತೆ. ಇದನ್ನೂ ಸೇರಿಸಲಾ ಅರ್ಜಿಗೆ?" ಅಂದೆ.

ಅತ್ತೆ ಅದನ್ನು ಒಂದು ಸಲ ತಿರುಗಿಸಿ ನೋಡಿದರು. "ಅಲ್ಲೇ ಇರಲಿ ಬಿಡು" ಅಂದು ಪುಟ ಮಗುಚಿದರು.